ಪರದೆಯಿಂದ ಹೊರಗೆ ಬಂದ ಏಳು ಕೈ

ಹೋದ ತಿಂಗಳು ಮೊಮ್ಮಗಳ ಕೂಸನ್ನು ನೋಡಲು ವಿಜಯಪುರದ ಆಸ್ಪತ್ರೆಗೆ ಹೋಗಿದ್ದೆ. ಕೂಸನ್ನು ಮುಟ್ಟುವ ಮೊದಲು ಕೈ ತೊಳೆದುಕೊಳ್ಳಬೇಕು ಎಂದು ನರ್ಸ್ ಹೇಳಿದಳು. ನಳದ ಪಕ್ಕದಲ್ಲಿ ಕೆಂಪು ಸಾಬೂನಿನ ಒಂದು ತುಂಡಿತ್ತು. ಈಗ ಎಲ್ಲ ಕಡೆ ಬಾಟಲಿ ಸಾಬೂನು ಬಂದಿದೆ, ಅಲ್ಲಿ ಯಾಕೋ ಹಳೆಯದೇ ಉಳಿದಿತ್ತು. ಕೈಗೆ ಹಚ್ಚಿಕೊಂಡೆ. ಔಷಧದಂಥ ಆ ಕಟು ವಾಸನೆ ಮೂಗಿಗೆ ಬಡಿಯಿತು ನೋಡಿ, ಸಿಂದಗಿ ಊರ ಹೊರಗಿನ ಆ ಹೆಂಚಿನ ಮನೆ, ಬೇವಿನ ಗಿಡ, ಬಾಗಿಲಲ್ಲಿ ಕೈಕಟ್ಟಿ ನಿಂತ ಅಕ್ಕೋರು... ಎಲ್ಲ ಒಮ್ಮೆಲೇ ಎದುರಿಗೆ ಬಂದವು.

ಎಪ್ಪತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ನಮ್ಮದು ಮನಗೂಳಿಯ ಬಳೆಗಾರರ ಮನೆತನ. ಬಳೆ ಕಟ್ಟುಗಳ ಗಂಟಿಗೆ ನಾವು ಮಲಾರ ಅನ್ನುತ್ತೇವೆ. ಅದನ್ನು ಹೆಗಲಿಗೆ ಹಾಕಿಕೊಂಡು ಬಾಗೇವಾಡಿ, ಮುದ್ದೇಬಿಹಾಳ, ನಾಲತವಾಡ, ಅಲ್ಲಿಂದ ಸಿಂದಗಿ, ಇಂಡಿ ಅಂತ ಸುತ್ತುತ್ತಿದ್ದೆ. ಸಾಲೆಯ ಮುಖ ನೋಡಿದವನಲ್ಲ. ಬಸ್ಸಿನ ಬೋರ್ಡನ್ನೂ ಬೇರೆಯವರನ್ನು ಕೇಳಿ ಹತ್ತುತ್ತಿದ್ದೆ. ಆದರೆ ಕೈ ಓದಲು ಬರುತ್ತಿತ್ತು. ಹೆಬ್ಬೆರಳ ಬುಡವನ್ನು ಒಮ್ಮೆ ಅಮುಕಿದರೆ ಸಾಕು, ಯಾವ ಅಳತೆ, ಎಲುಬು ಎಷ್ಟು ಮಡಚುತ್ತದೆ, ಬಳೆಯನ್ನು ಯಾವ ಮಗ್ಗುಲಿಗೆ ತಿರುಗಿಸಬೇಕು ಎಲ್ಲ ತಿಳಿಯುತ್ತಿತ್ತು. ಒಮ್ಮೆ ಬಳೆ ಇಡಿಸಿದ ಕೈಯನ್ನು ಮರೆತದ್ದಿಲ್ಲ.

ಆ ಹೆಂಚಿನ ಮನೆ ಕ್ರಿಶ್ಚಿಯನ್ನರು ನಡೆಸುತ್ತಿದ್ದದ್ದು. ಮದುವೆಯಾಗದೆ ಬಸುರಾದವರು, ಗಂಡ ಸತ್ತ ಮೇಲೆ ಬಸುರಾದವರು, ಮನೆಯವರು ಹೊರಗೆ ಹಾಕಿದವರು ಅಲ್ಲಿ ಬಂದು ಇರುತ್ತಿದ್ದರು, ಹೆತ್ತ ಮೇಲೆ ಹೋಗುತ್ತಿದ್ದರು. ಅದನ್ನು ನಡೆಸುವ ಹೆಣ್ಣುಮಗಳಿಗೆ ಊರೆಲ್ಲ ಅಕ್ಕೋರು ಅನ್ನುತ್ತಿತ್ತು. ಐವತ್ತರ ಸುಮಾರು, ಕಪ್ಪು ಮೈಬಣ್ಣ, ಬಿಳಿ ಸೀರೆ, ಮಣಿಕಟ್ಟಿನಲ್ಲಿ ಗಂಡಸರ ಗಡಿಯಾರ. ಬಳೆ ಇಲ್ಲ, ಕುಂಕುಮ ಇಲ್ಲ. ನಗುವುದು ಅಪರೂಪ. ಅವರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಊರಿನ ಚಹಾದಂಗಡಿಯಲ್ಲಿ ಆ ಮನೆಯ ಬಗ್ಗೆ ಒಂದಲ್ಲ ಹತ್ತು ಮಾತು. ಒಳಗೆ ಹೋದವಳು ಜಾತಿ ಕಳೆದುಕೊಂಡೇ ಹೊರಗೆ ಬರುತ್ತಾಳೆ ಅಂತ ಒಬ್ಬ. ಕೂಸುಗಳನ್ನು ಹಡಗಿನಲ್ಲಿ ಹಾಕಿ ಹೊರದೇಶಕ್ಕೆ ಕಳಿಸುತ್ತಾರೆ ಅಂತ ಇನ್ನೊಬ್ಬ. ಹುಡುಗಿಯರಿಂದ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ ಅಂತ ಮಗದೊಬ್ಬ. ನಾನು ಎಲ್ಲವನ್ನೂ ನಂಬಿದ್ದೆ. ಹಾಗಿರುವಾಗ ಒಂದು ದಿನ ಅಕ್ಕೋರಿಂದ ನನಗೇ ಹೇಳಿಕೆ ಬಂತು, ಹಸಿರು ಬಳೆ ತೆಗೆದುಕೊಂಡು ಬಾ ಎಂದು. ಅಂಗಡಿಯವನು ನಕ್ಕ. "ಹೋಗಲೇ, ಹೋಗು. ಬಳಿ ಇಡಸಾಕ ಹೋಗಿ ಕೊಳ್ಳಾಗ ಶಿಲುಬಿ ಕಟಗೊಂಡ ಬರ್ತಿ," ಅಂದ.

ಹೋದೆ. ಮೊದಲನೆಯ ಸಂಶಯ ಪಡಸಾಲೆಯಲ್ಲೇ ಹುಟ್ಟಿತು. ಅಕ್ಕೋರು ನೀರಿನ ಬೋಗುಣಿ, ಕೆಂಪು ಸಾಬೂನು ತಂದಿಟ್ಟು ಕೈ ತೊಳೆ ಅಂದರು. ಬಳೆಗಾರನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ನನಗೆ ಸಿಟ್ಟು ಬಂತು.

"ನಾ ಏನ್ ಮೈಲಿಗಿ ಮನಷ್ಯಾ ಅದೇನೇನ್ರಿ ಅಕ್ಕೋರ?"

"ಮೈಲಿಗಿ ಅಲ್ಲೋ ತಮ್ಮಾ, ಧೂಳಿ. ಹತ್ತೂರ ಬಸ್ಸಿನ ಕಂಬಿ ಹಿಡದು ಬಂದಿ. ಇವರು ಇಂದೋ ನಾಳೆ ಹಡಿಯವರು."

ಬೋಗುಣಿಯ ಮೇಲಿನ ಗೋಡೆಗೆ ಒಂದು ತಗಡಿನ ಫಲಕ ಹೊಡೆದಿದ್ದರು. ನೀಲಿ ಬಣ್ಣದಲ್ಲಿ ಎರಡು ಸಾಲು. ಅದು ಅವರ ಮಂತ್ರವೇ ಇರಬೇಕು, ನೋಡಿದರೆ ತಗುಲಿಕೊಂಡೀತು ಎಂದು ಮುಖ ತಿರುಗಿಸಿ ಕೈ ತೊಳೆದೆ.

ಎರಡನೆಯ ಸಂಶಯ ಪರದೆ. ಒಳಬಾಗಿಲಿಗೆ ದಪ್ಪನೆಯ ಪರದೆ ಕಟ್ಟಿದ್ದರು. ಹುಡುಗಿಯರು ಅದರ ಹಿಂದೆ ಕೂರುವವರು, ಕೈ ಮಾತ್ರ ಹೊರಗೆ ಬರುವುದು. ಮುಖ ನೋಡಬಾರದು, ಊರು ಕೇಳಬಾರದು, ಯಾರ ಮಗಳು ಎನ್ನಬಾರದು. ಬಳೆಗಾರನ ಕಸಬೇ ಅದು. ಯಾವ ಊರವ್ವ, ಯಾರ ಮನೆತನ ಎಂದು ಕೇಳುತ್ತಲೇ ನಾವು ಬಳೆ ಏರಿಸುವುದು, ಮಾತಿನಲ್ಲಿ ಕೈ ಸಡಿಲಾಗಲಿ ಎಂದು. ಬಳೆ ಇಡಿಸಿದ ಮೇಲೆ ಮುತ್ತೈದೆಯಾಗಿ ಬಾಳು ಎಂದು ಹರಸುವುದು. ಇಲ್ಲಿ ಹಾಗೆ ಹರಸುವುದು ಹೇಗೆ? ನಾನು ತಡವರಿಸಿದ್ದನ್ನು ನೋಡಿ ಅಕ್ಕೋರು, "ಸುಖವಾಗಿರವ್ವ ಅನ್ನು, ಸಾಕು," ಅಂದರು.

ತಾನು ಬಳೆ ಇಡದ ಈ ಹೆಂಗಸಿಗೆ ಬಸುರಿಯರ ಹಸಿರು ಬಳೆ ಯಾಕೆ ಬೇಕು? ಕುಬಸ, ಅಂದರೆ ಸೀಮಂತ, ಮಾಡುವುದು ನಮ್ಮ ಪದ್ಧತಿ. ಏಳನೇ ತಿಂಗಳಲ್ಲಿ ಹಸಿರು ಸೀರೆ, ಹಸಿರು ಬಳೆ. ನೋಡಲು ಬಂದವರಿಗೆ ಮದುವೆಯಾದವರಂತೆ ಕಾಣಿಸಲಿ ಎಂಬ ನಾಟಕ ಇರಬೇಕು ಎಂದುಕೊಂಡೆ. ಕೇಳಿಯೇ ಬಿಟ್ಟೆ. ಒಬ್ಬಳು ಹುಡುಗಿ, ಬಳೆ ಸಪ್ಪಳ ಕೇಳದೆ ಕೂಸು ಹೊಟ್ಟೆಯಲ್ಲಿ ಅಂಜುತ್ತದೆ ಎಂದು ಮೂರು ದಿನದಿಂದ ಉಣ್ಣದೆ ಅಳುತ್ತಿದ್ದಾಳೆ, ಅದಕ್ಕೆ ಕರೆಸಿದೆ ಎಂದರು. ನಾನು ನಂಬಲಿಲ್ಲ.

ಅಂದು ಏಳು ಕೈ ಬಂದವು. ಐದನೆಯದು ಸಣ್ಣ ಕೈ. ಹೆಬ್ಬೆರಳ ಬುಡ ಹಿಡಿದದ್ದೇ ನನ್ನ ಬೆರಳು ತಾವಾಗಿಯೇ ಅದನ್ನು ಒಳಮಗ್ಗುಲಿಗೆ ಹೊರಳಿಸಿದವು. ಬಳೆ ಎಣ್ಣೆ ಹಚ್ಚಿದಂತೆ ಜಾರಿತು. ಕೂಡಲೇ ಆ ಕೈ ಮುಷ್ಟಿ ಕಟ್ಟಿತು. ಆಗ ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ನಾಲತವಾಡದ ಕಡೆಯ ಒಂದು ಹಳ್ಳಿಯ ಹುಡುಗಿ. ಪ್ರತಿ ವರ್ಷ ಪಂಚಮಿಗೆ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ನಾನೇ ಬಳೆ ಇಡಿಸುತ್ತಿದ್ದೆ. ಸೊಲ್ಲಾಪುರದ ಅತ್ತೆಯ ಮನೆಗೆ ಹೋಗಿದ್ದಾಳೆ ಎಂದು ಆ ಸಲ ಮನೆಯವರು ಹೇಳಿದ್ದರು. ಕೊನೆಯ ಬಳೆ ಏರಿದಾಗ ಅವಳು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದು, ಬಿಟ್ಟು, ಕೈ ಒಳಗೆ ಎಳೆದುಕೊಂಡಳು.

ಬಿಡಿಸಿಕೊಂಡು ಹೋಗು ಅನ್ನುತ್ತಿದ್ದಾಳೆ ಎಂದು ತಿಳಿದೆ. ಮನೆಯವರಿಗೆ ಮೋಸ ಮಾಡಿ ಹುಡುಗಿಯನ್ನು ಇಲ್ಲಿ ಕೂಡಿಹಾಕಿದ್ದಾರೆ... ಚಹಾದಂಗಡಿಯ ಮಾತೆಲ್ಲ ಖರೆ ಆಯಿತು ಅನ್ನಿಸಿತು.

ಎಂಟು ದಿನದ ಮೇಲೆ ಅವಳ ಊರಿಗೆ ಹೋದೆ. ಮುಂಜಾನೆ ಅವಳ ಅಣ್ಣ ಕೊಟ್ಟಿಗೆಯಲ್ಲಿದ್ದ. ಅವನಿಗೆ ಎಲ್ಲ ಹೇಳಿದೆ. ಮನೆ ಎಲ್ಲಿದೆ, ಪರದೆ, ಏಳು ಕೈ, ಐದನೆಯದು ನಿನ್ನ ತಂಗಿಯದು ಎಂದು. ಅವನು ಕೂಗಾಡಲಿಲ್ಲ. ಹಸಿರು ಬಳೆ ಯಾಕೆ ಇಡಿಸಿದಿ ಎಂದು ಮಾತ್ರ ಕೇಳಿದ. ಅವನು ಸಂಜೆಗೆ ಸಿಂದಗಿ ಮುಟ್ಟುವ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿ, ಒಳಗೆ ಹೋಗಿ ಕಂಬಳಿ ತೆಗೆದುಕೊಂಡ.

ಊರ ಅಗಸಿ ಬಾಗಿಲು ದಾಟುವಾಗ ಹಿಂದಿನಿಂದ ಯಾರೋ ಓಡಿ ಬಂದಂತಾಯಿತು. ಹುಡುಗಿಯ ತಾಯಿ. ಉಸಿರು ಹತ್ತಿತ್ತು.

"ನಾನ ಕಳಿಸೇನೋ ಎಪ್ಪಾ ಆಕೀನ ಅಲ್ಲಿಗೆ. ಸೊಲ್ಲಾಪುರ ಅಂತ ಹೇಳಿ ನಾನ ಬಿಟ್ಟು ಬಂದೇನಿ. ಇಂವ ಆಕೀನ ಜೀವಸಹಿತ ಬಿಡಾಂಗಿಲ್ಲ. ಕುಡಗೋಲು ಕಂಬಳ್ಯಾಗ ಐತಿ, ನಾ ನೋಡೇನಿ. ನೀ ಇವನಕಿಂತ ಮದಲ ಹೋಗಿ ಮುಟ್ಟು."

ಶೇಂಗಾ ಚೀಲದ ಲಾರಿಯೊಂದು ತಾಳಿಕೋಟಿ ಕಡೆಗೆ ಹೊರಟಿತ್ತು. ಚೀಲಗಳ ಮೇಲೆ ಕುಳಿತು ಹೋದೆ, ಅಲ್ಲಿಂದ ಇನ್ನೊಂದು ಲಾರಿ. ಬಳೆಗಳು ಮಲಾರದಲ್ಲಿ ಕಿಣಿಕಿಣಿ ಅನ್ನುತ್ತಿದ್ದವು. ಆ ಸಪ್ಪಳ ನನಗೆ ಅಂದಿನಷ್ಟು ಬೇಸರ ಯಾವತ್ತೂ ತಂದಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಸಿಂದಗಿ ಮುಟ್ಟಿದೆ.

ಅಕ್ಕೋರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಡಿಯಾರ ನೋಡಿದರು. ಹುಡುಗಿಯನ್ನು ಬೇರೆ ಕಡೆ ಕಳಿಸಲು ಹೊತ್ತಿರಲಿಲ್ಲ, ಅವನು ಬರುವ ದಾರಿಯಲ್ಲೇ ಹೋಗಬೇಕಿತ್ತು. ಪೊಲೀಸರಿಗೆ ಹೇಳಿದರೆ ನಾಳೆ ಎರಡು ತಾಲ್ಲೂಕಿಗೆ ಸುದ್ದಿ. ಏಳು ಎಂದು ನಾನೇ ಅವನಿಗೆ ಎಣಿಸಿ ಹೇಳಿದ್ದರಿಂದ ಒಬ್ಬಳನ್ನು ಮರೆಮಾಡಿ ಆರು ಎನ್ನುವಂತೆಯೂ ಇರಲಿಲ್ಲ. ನನ್ನ ಕಡೆ ತಿರುಗಿದರು.

"ನಿನ್ನ ನಂಬಾಕ ನನಗ ಮನಸಿಲ್ಲ," ಅಂದರು. "ಆದ್ರ ಬ್ಯಾರೆ ಹಾದಿನೂ ಇಲ್ಲ. ಕೈ ತೊಳಕೊಂಡು ಕೂಡು."

ಅವನು ಬಂದಾಗ ಇನ್ನೂ ಬೆಳಕಿತ್ತು. ಹೆಗಲ ಮೇಲೆ ಕಂಬಳಿ. ನನ್ನನ್ನು ಅಲ್ಲಿ ಕಂಡು ಅವನ ಕಣ್ಣು ಸಣ್ಣಗಾದವು. ನೀನು ಇಲ್ಲಿ ಹೇಗೆ ಎಂದ. ತಿರುಗಾಟದಲ್ಲಿದ್ದೇನೆ ಎಂದೆ. ಅವನು ಪರದೆಯತ್ತ ಹೆಜ್ಜೆ ಇಟ್ಟ. ಅಕ್ಕೋರು ಅಡ್ಡ ನಿಂತರು. ಒಳಗೆ ಒಬ್ಬಳಿಗೆ ಬ್ಯಾನಿ ಹತ್ತಿದೆ, ಹಡೆಯುವ ಕೋಣೆಯೊಳಗೆ ಗಂಡಸು ಕಾಲಿಡುವ ಪದ್ಧತಿ ನಿಮ್ಮಲ್ಲಿ ಇದೆಯೋ ಎಂದು ಕೇಳಿದರು. ಅವನು ನಿಂತ. ಕೈ ತೋರಿಸುತ್ತೇನೆ, ಗುರುತು ಹಿಡಿದವನು ಇಲ್ಲೇ ಕುಳಿತಿದ್ದಾನೆ, ಅವನೇ ಹೇಳಲಿ ಎಂದರು.

ಬಳೆ ಇಡಿಸುವಂತೆ ಒಂದೊಂದೇ ಕೈ ಬಂತು. ಅವನು ನನ್ನ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದ. ಕಂಬಳಿಯ ಮಡಿಕೆ ನನ್ನ ತೊಡೆಗೆ ಒತ್ತುತ್ತಿತ್ತು, ಒಳಗೆ ಗಟ್ಟಿಯಾದದ್ದೇನೋ ಇತ್ತು. ಒಂದು, ಎರಡು, ಮೂರು, ನಾಲ್ಕು. ಪ್ರತಿ ಕೈಗೂ ಒಂದೊಂದು ಬಳೆಯನ್ನು ತಿಣುಕಿ ಏರಿಸಿ ನಾನು ಅಲ್ಲ ಎಂದೆ. ಐದನೆಯದು ಬಂತು. ನಾನೇ ಇಡಿಸಿದ್ದ ಹಸಿರು ಬಳೆ ಅದರಲ್ಲಿದ್ದವು. ಅಣ್ಣ ಆ ಕೈಯನ್ನು ಒಮ್ಮೆ ನೋಡಿದ... ಒಂದೇ ತೊಟ್ಟಿಲಲ್ಲಿ ಬೆಳೆದ ತಂಗಿಯ ಕೈ ಅವನಿಗೆ ಗುರುತು ಹತ್ತಲಿಲ್ಲ. ಅವನು ನೋಡುತ್ತಿದ್ದದ್ದು ನನ್ನ ಮುಖ.

ಹೊರಳಿಸಿದರೆ ಬಳೆ ಜಾರುತ್ತದೆ, ನನಗೆ ಗೊತ್ತಿದ್ದ ಕೈ ಎಂದು ಅವನಿಗೆ ತಿಳಿಯುತ್ತದೆ. ನಾನು ಹೊರಳಿಸಲಿಲ್ಲ. ಗೊತ್ತಿಲ್ಲದ ಕೈಯಂತೆ ಹಿಡಿದು ಬಳೆಯನ್ನು ನೇರ ಒತ್ತಿದೆ. ಎಲುಬಿಗೆ ತಾಗಿ ಫಟ್ ಎಂದು ಒಡೆಯಿತು. ಗಾಜು ಅವಳ ಹೆಬ್ಬೆರಳ ಬುಡವನ್ನು ಸೀಳಿತು. ರಕ್ತ ಬಂತು. ಪರದೆಯ ಹಿಂದಿನಿಂದ ಒಂದು ದನಿಯೂ ಬರಲಿಲ್ಲ.

"ಈಕಿ ಅಲ್ಲೇನು?" ಎಂದ.

"ಅಲ್ರಿ. ನಿಮ್ಮ ತಂಗಿ ಕೈಯಾಗ ನಾ ಒಂದ ಬಳಿ ಒಡದಿಲ್ರಿ ಇಲ್ಲೀಮಟಾ. ಈ ಕೈ ನನಗ ಹೊಸಾದು. ಆವತ್ತ ತಪ್ಪ ತಿಳದೇನ್ರಿ."

ಉಳಿದ ಎರಡು ಕೈಗಳೂ ಆದವು. ಅವನು ಎದ್ದ. ಬಳೆಗಾರನ ಕೈಯಲ್ಲಿ ಬಳೆ ಒಡೆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಕಡೆ ಇಲ್ಲ. ಸುಳ್ಳು ಎಂದು ಗೊತ್ತಾದ ದಿನ ಮನಗೂಳಿಗೇ ಬರುತ್ತೇನೆ ಎಂದು ಹೇಳಿ ಹೋದ.

ಅವನು ಗೇಟು ದಾಟಿ ಕಾಣದಾದ ಮೇಲೆ ಅಕ್ಕೋರು ಮೊದಲು ಒಳಗೆ ಹೋಗಿ ಹುಡುಗಿಯ ಕೈಗೆ ಪಟ್ಟಿ ಕಟ್ಟಿ ಬಂದರು. ಆಮೇಲೆ ನನ್ನ ಮುಂದೆ ಬೋಗುಣಿ ಇಟ್ಟರು. ನನ್ನ ಬೆರಳಿಗೆ ಅವಳ ರಕ್ತ ಹತ್ತಿತ್ತು. ಕೆಂಪು ಸಾಬೂನು ಹಚ್ಚಿ ತೊಳೆದೆ. ಬಸುರಿಯ ಕೈಯ ಹಸಿರು ಬಳೆ ಒಡೆಯುವುದು ಎಂಥ ಕೆಟ್ಟ ಶಕುನ ಎಂದು ಬಳೆಗಾರನಿಗೆ ಹೇಳಿಕೊಡಬೇಕಾಗಿಲ್ಲ. ಮತ್ತೆ ಮತ್ತೆ ಸಾಬೂನು ಹಚ್ಚಿದೆ.

ಅವಳನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದೆ.

"ನಿನಗ ಹೇಳೂದಿಲ್ಲ. ಇನ್ನ ಮ್ಯಾಲೆ ನೀ ಈ ಕಡೆ ಬರಬ್ಯಾಡ ತಮ್ಮಾ. ಕೈ ಗುರುತ ಹಿಡಿಯಾಂವ ಇಲ್ಲಿಗೆ ಬರಬಾರದು." ಬೋಗುಣಿ ಎತ್ತಿಕೊಳ್ಳುತ್ತ ಅಂದರು, "ಹುಡುಗಿ ಹೇಳಿದ್ಲು. ಆವತ್ತ ನಿನ್ನ ಬೆರಳ ಹಿಡದದ್ದು, ಯಾರಿಗೂ ಹೇಳಬ್ಯಾಡೋ ಯಣ್ಣಾ ಅಂತ."

ಮತ್ತೆ ನಾನು ಹೋಗಲಿಲ್ಲ. ಮುಂದಿನ ಸುತ್ತಿನಲ್ಲಿ ಹುಡುಗಿಯ ತಾಯಿ ತನ್ನ ಕೈ ಮುಂದೆ ಚಾಚಿ ಕುಳಿತು, ಯಾರೂ ಇಲ್ಲದ್ದು ನೋಡಿ ಒಂದೇ ಮಾತು ಕೇಳಿದಳು, ಮಗಳ ಕೈ ಬಸುರಿಗೆ ಬಾತಿತ್ತೇನು ಎಂದು. ಇಲ್ಲವ್ವ, ಮೊದಲಿನ ಅಳತೆಯೇ ಇತ್ತು ಎಂದೆ. ರಕ್ತದ ಮಾತು ಹೇಳಲಿಲ್ಲ. ಆ ಹುಡುಗಿ ಏನಾದಳು, ಕೂಸು ಉಳಿಯಿತೋ ಇಲ್ಲವೋ, ಯಾರ ಮನೆ ಸೇರಿತು... ಯಾವುದೂ ತಿಳಿಯಲಿಲ್ಲ. ಹೆಬ್ಬೆಟ್ಟಿನ ಕಾಗದಗಳಲ್ಲಿ ಏನಿತ್ತು ಎಂಬುದೂ. ನನ್ನ ಸಂಶಯ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಅಂದಿನಿಂದ ನನ್ನ ಮೇಲೆಯೇ ಒಂದು ಸಂಶಯ ಶುರುವಾಯಿತು, ಅದು ಹೆಚ್ಚು ದೊಡ್ಡದು.

ಮೂವತ್ತು ದಾಟಿದ ಮೇಲೆ ನಾನು ಊರಿನ ರಾತ್ರಿ ಸಾಲೆಗೆ ಸೇರಿ ಅಕ್ಷರ ಕಲಿತೆ. ಓದಲು ಬಂದ ಮೇಲೆ ಧೈರ್ಯ ಮಾಡಿ ಸಿಂದಗಿಗೆ ಹೋದೆ. ಮನೆ ಗೊಬ್ಬರದ ಗೋದಾಮಾಗಿತ್ತು. ಅಕ್ಕೋರು ತೀರಿಕೊಂಡು ಎರಡು ವರ್ಷವಾಯಿತು ಎಂದು ಕಾವಲುಗಾರ ಹೇಳಿದ. ಪಡಸಾಲೆಯ ಗೋಡೆಯ ಮೇಲೆ ಆ ತಗಡು ಇನ್ನೂ ಇತ್ತು. ತುಕ್ಕು ಹಿಡಿದಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೇಲಿನ ಸಾಲು, ಕೈ ತೊಳೆದು ಬನ್ನಿ. ಕೆಳಗಿನ ಸಾಲು, ಹೆಸರು ಕೇಳಬೇಡಿ. ಅಷ್ಟೇ ಇತ್ತು. ತಪ್ಪಾಯಿತು ಎಂದು ಹೇಳಲು ಅಕ್ಕೋರು ಇರಲಿಲ್ಲ...

"ಸಾಕ್ರೀ ಅಜ್ಜಾರ, ಕೈ ಸ್ವಚ್ಛ ಆದೂ," ಎಂದು ನರ್ಸ್ ಹಿಂದಿನಿಂದ ಹೇಳಿದಾಗ ನಳ ಬಂದ್ ಮಾಡಿದೆ. ಮೊಮ್ಮಗಳ ಮಗ್ಗುಲಲ್ಲಿ ಕೂಸು ಮಲಗಿತ್ತು. ಬೆರಳು ಮುಂದೆ ಮಾಡಿದೆ. ಎರಡು ದಿನದ ಆ ಕೈ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ನೋಡು, ಅಜ್ಜನ ಗುರುತು ಹತ್ತಿದೆ ಎಂದು ಎಲ್ಲರೂ ನಕ್ಕರು. ಯಾಕೆ ಹಿಡಿದಿದೆಯೋ, ಅದರ ಅರ್ಥ ಹೇಳಲು ನಾನು ಹೋಗಲಿಲ್ಲ. ಅದು ತಾನಾಗಿ ಬಿಡುವ ತನಕ ಹಾಗೇ ಬಗ್ಗಿ ನಿಂತಿದ್ದೆ.