ಮೂರು ಸಲ ತಟ್ಟಿದ ಬಾಗಿಲು

ನಲ್ಲಿಯಲ್ಲಿ ನೀರು ಇನ್ನೂ ಬಂದಿಲ್ಲ, ಕೊಡಗಳು ಆಗಲೇ ಸಾಲುಗಟ್ಟಿವೆ. ಬೆಳಕು ಗೋಡೆಗಳ ತಲೆಯನ್ನಷ್ಟೇ ಮುಟ್ಟಿದೆ, ಕೆಳಗೆ ಓಣಿಯಲ್ಲಿ ಮಬ್ಬು. ಆ ಮಬ್ಬಿನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬರು ಬಂದು, ನಲ್ಲಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂತು ನೀಲಿ ಚೀಲದ ಬಾಯಿ ಬಿಚ್ಚುತ್ತಾರೆ. ದಾರದುಂಡೆ, ಗುಂಡಿ, ಹುಕ್ಕು, ಸೂಜಿ, ಪಿನ್ನು. ಅವರನ್ನು ಎಲ್ಲರೂ ಕರೆಯುವ ಹೆಸರು ದಾರದಕ್ಕ.

“ಏನಕ್ಕಾ, ಕೋಳಿಗಿಂತ ಮೊದ್ಲು ನೀನೇ ಎದ್ದಿದೀಯ?” ಎನ್ನುತ್ತಾಳೆ ಕೊಡ ಹಿಡಿದು ನಿಂತವಳು.

“ಕೋಳಿಗೇನು, ಕೂಗಿದ್ರೆ ಕೆಲಸ ಮುಗೀತು. ನಾನು ಮಾರಬೇಕಲ್ಲೇ.”

ಸಾಲಿನಲ್ಲಿ ನಗು. ಒಬ್ಬಳು ಕೆಂಪು ದಾರವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಬಣ್ಣ ಬಿಡುತ್ತಾ ಎಂದು ಕೇಳುತ್ತಾಳೆ, ಕೊಳ್ಳದೆ ಹೋಗುತ್ತಾಳೆ. ಕಲ್ಲಿನ ಸುತ್ತಲಿನ ಜನ ಸರಿದ ಮೇಲೆ ಇನ್ನೊಬ್ಬಳು ಸೂಜಿ ಆರಿಸುವ ನೆಪದಲ್ಲಿ ಬಗ್ಗುತ್ತಾಳೆ. “ಅಕ್ಕ, ಕೆಳಗೆ ಹುಣ್ಣಾಗಿದೆ. ಮದ್ದಿನಂಗಡಿಯವನು ಕೊಟ್ಟಿದ್ದು ಹಚ್ಚಿದೆ, ವಾಸಿ ಆಗ್ತಿಲ್ಲ. ಮನೇಲಿ ಹೇಳೋ ಹಾಗಿಲ್ಲ.”

ದಾರದಕ್ಕ ತಲೆ ಎತ್ತುವುದಿಲ್ಲ. “ದೊಡ್ಡಾಸ್ಪತ್ರೆ, ಹನ್ನೊಂದನೇ ಕೋಣೆ. ಹೆಂಗಸ್ರೇ ನೋಡ್ತಾರೆ. ನಾಳೆ ಬಾಗಿಲ ಹತ್ರ ನಾನೇ ಇರ್ತೀನಿ. ಈ ಸೂಜಿ ತಗೊಂಡು ಹೋಗು. ಇಷ್ಟೊತ್ತು ಕೂತು ಬರಿಗೈಲಿ ಎದ್ರೆ ನೋಡೋರು ಏನಂದ್ಕೋತಾರೆ?”

ಹನ್ನೊಂದನೇ ಕೋಣೆ ಎಚ್‌ಐವಿ ಪರೀಕ್ಷೆಯದು. ದಾರದಕ್ಕ ಅದರ ಕ್ಷೇತ್ರ ಕಾರ್ಯಕರ್ತೆ. ಪರೀಕ್ಷೆಗೆ ಬರಬೇಕಾದವರನ್ನು ಕರೆತರುವುದು, ಮಾತ್ರೆ ನಿಲ್ಲಿಸಿದವರ ಮನೆ ಹುಡುಕುವುದು ಅವರ ಕೆಲಸ. ಆಸ್ಪತ್ರೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಓಣಿಗೆ ಕಾಲಿಟ್ಟರೆ ಒಂದು ಬಾಗಿಲೂ ತೆರೆಯುವುದಿಲ್ಲ. ದಾರದ ಚೀಲ ಅವರೇ ಕಂಡುಕೊಂಡ ಉಪಾಯ. ದಿನಕ್ಕೆ ಮೂವತ್ತು ಬಾಗಿಲು ತಟ್ಟಿದರೆ ಇಬ್ಬರು ಬಾಯಿ ಬಿಡುತ್ತಾರೆ. ಆ ಇಬ್ಬರಲ್ಲಿ ಒಬ್ಬಳು ಆಸ್ಪತ್ರೆಗೆ ಬಂದರೆ ಅದು ಒಳ್ಳೆಯ ದಿನ.

“ತಪ್ಪು ದಾರಿ ಹಿಡಿದವರಿಗೆ ಬರೋ ಕಾಯಿಲೆ ಅಂತ ಜನ ತಿಳಿದಿದಾರೆ,” ಎನ್ನುತ್ತಾರೆ ಆ ಕೋಣೆಯ ಆಪ್ತಸಮಾಲೋಚಕಿ. “ಇಲ್ಲಿಗೆ ಬರೋ ಹೆಂಗಸರಲ್ಲಿ ಹೆಚ್ಚಿನವರು ಗಂಡನ್ನ ಬಿಟ್ಟು ಇನ್ನೊಬ್ಬರ ಮುಖ ನೋಡಿದವರಲ್ಲ.” ಗಂಡ ತನ್ನ ಸ್ಥಿತಿ ಹೇಳಿರುವುದಿಲ್ಲ. ಹೆಂಡತಿಯ ಹುಣ್ಣಿಗೆ, ಬಿಳಿ ಸೆರಗಿಗೆ ನಾಚಿಕೆಯಿಂದ ಚಿಕಿತ್ಸೆಯಾಗಿರುವುದಿಲ್ಲ. ಹುಣ್ಣಿದ್ದಲ್ಲಿ ಸೋಂಕಿಗೆ ದಾರಿ ಸಲೀಸು. ಬೇಡ ಎಂದರೆ ಏಟು. ಮನೆ ಬಿಡೋಣವೆಂದರೆ ಮರುದಿನದ ಊಟ ಎಲ್ಲಿ?

ದಾರದಕ್ಕ ಇದನ್ನೇ ತಮ್ಮ ಧಾಟಿಯಲ್ಲಿ ಹೇಳುತ್ತಾರೆ: “ಕಾಂಡೋಮ್ ಹಾಕ್ಕೋ ಅಂತ ಗಂಡಂಗೆ ಹೇಳಿ ನೋಡಿ. ‘ಅದೆಲ್ಲ ನಿಂಗೆ ಯಾರು ಕಲಿಸಿದ್ರು’ ಅಂತಾನೆ. ರೋಗ ತಂದೋನು ಅವನು, ಸಾಕ್ಷಿ ಹೇಳಬೇಕಾದೋಳು ಇವಳು.”

ಅವರ ಗಂಡ ಛತ್ರವೊಂದರಲ್ಲಿ ಅಡುಗೆಯವನಾಗಿದ್ದ. ಎರಡು ವರ್ಷ ಜ್ವರ, ಭೇದಿ, ಕೆಮ್ಮು ಎಂದು ಆಸ್ಪತ್ರೆ ಸುತ್ತಿದ. ನಂಜು ಎಂದರು, ಕಾಮಾಲೆ ಎಂದರು. “ಅವನಿಗೆ ಗೊತ್ತಿತ್ತು, ನನ್ನ ಮೈದುನನಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ಮನೆ ಬೆಕ್ಕಿಗೂ ಗೊತ್ತಿತ್ತೇನೋ. ನಂಗೊಬ್ಬಳಿಗೆ ಗೊತ್ತಿರ್ಲಿಲ್ಲ.” ಗಂಡ ತೀರಿಕೊಂಡ ಮೇಲೆ ಎರಡು ವರ್ಷದ ಮಗಳು ಸೊರಗತೊಡಗಿದಳು. ಮಗಳ ರಕ್ತ ನೋಡಿದ ಮೇಲೆ ತಾಯಿಯ ರಕ್ತ ನೋಡಿದರು. ಮಗಳು ಉಳಿಯಲಿಲ್ಲ. ತಾಯಿ ಮಾತ್ರೆ ನುಂಗುತ್ತ ಹದಿನೇಳು ವರ್ಷ ಕಳೆದಿದ್ದಾರೆ. “ನಾನು ಗುಂಡುಕಲ್ಲಿನ ಹಾಗೆ ಇದೀನಿ ನೋಡಿ,” ಎಂದು ನಗುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ.

ಅಂಥವರೇ ಈಗ ಬಾಯಿ ಮುಚ್ಚಿಕೊಂಡಿರಬೇಕಾದ ಕೆಲಸದಲ್ಲಿದ್ದಾರೆ. ಒಬ್ಬರ ಫಲಿತಾಂಶವನ್ನು ಕಾರ್ಯಕರ್ತೆ ಇನ್ನೊಬ್ಬರಿಗೆ ಹೇಳುವಂತಿಲ್ಲ, ಅದು ಹೆಂಡತಿಯೇ ಆದರೂ. ಗಂಡನೇ ಹೇಳಬೇಕು, ಇಲ್ಲವೇ ಹೆಂಡತಿಯನ್ನು ಕರೆತರಬೇಕು. ನಿಯಮಕ್ಕೆ ಕಾರಣವಿದೆ. ಹಿಂದೊಮ್ಮೆ ಇವರ ಜೊತೆಗಾತಿಯೊಬ್ಬರು ತಡೆಯಲಾರದೆ ಬಾಯಿಬಿಟ್ಟರು. ಆ ರಾತ್ರಿ ಹೆಂಡತಿಯ ದವಡೆ ಮುರಿಯಿತು. ಆ ಓಣಿಯಿಂದ ಬಹಳ ಕಾಲ ಯಾವ ಗಂಡಸೂ ಪರೀಕ್ಷೆಗೆ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಬೆಸುಗೆ ಕೆಲಸದವನೊಬ್ಬ ಕಾಲು ಮುರಿದುಕೊಂಡು ದೊಡ್ಡಾಸ್ಪತ್ರೆಗೆ ಬಂದ. ಊರೂರು ತಿರುಗಿ ಸೇತುವೆ ಕೆಲಸ ಮಾಡುವವನು. ಶಸ್ತ್ರಚಿಕಿತ್ಸೆಗೆ ಮೊದಲು ತೆಗೆದ ರಕ್ತದಲ್ಲಿ ಸೋಂಕು ಕಂಡಿತು. ಹೆಂಡತಿಯನ್ನು ಕರೆತಾ ಎಂದರು, ಆಯ್ತೆಂದು ತಲೆಯಾಡಿಸಿದ. ಬರಲಿಲ್ಲ. ನೆನಪಿಸಲು ದಾರದಕ್ಕ ಅವನ ಓಣಿಯ ಮೂಲೆಮನೆಗೆ ಹೋದರು. ಬಾಗಿಲು ತೆರೆದವಳು ಹೆಂಡತಿ, ಇಪ್ಪತ್ತರ ಹುಡುಗಿ. ಹೊಟ್ಟೆ ಕಾಣುತ್ತಿತ್ತು.

“ಎಷ್ಟು ತಿಂಗಳೇ?”

“ಐದು, ಅಕ್ಕ.”

ಸಮಯಕ್ಕೆ ಮಾತ್ರೆ ಶುರುವಾದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಕ್ಕಳು ತಾಯಿಯ ಸೋಂಕು ಹತ್ತದೆ ಹುಟ್ಟುತ್ತವೆ. ದಾರದಕ್ಕನ ಮಗಳ ಕಾಲಕ್ಕೆ ಈ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಮಂಚದ ಮೇಲಿದ್ದ ಗಂಡ ದನಿ ತಗ್ಗಿಸಿ, “ಬರೋ ವಾರ ಕರ್ಕೊಂಡು ಬರ್ತೀನಿ,” ಎಂದ.

ಬರೋ ವಾರ ಬಂತು, ಅವರು ಬರಲಿಲ್ಲ. ಎರಡನೇ ಸಲ ಹೋದಾಗ ಹುಡುಗಿಯ ಅತ್ತೆ ಹುಕ್ಕಿನ ಪೊಟ್ಟಣ ಕೊಂಡರು. ಬಸುರಿಯರಿಗೆಲ್ಲ ರಕ್ತ ನೋಡುತ್ತಾರೆ, ಸೊಸೆಯನ್ನು ಕಳಿಸಿ ಎಂದು ದಾರದಕ್ಕ ಸಹಜವೆಂಬಂತೆ ಹೇಳಿದರು. “ನಾಲ್ಕು ಹೆತ್ತೆ ನಾನು. ಒಂದು ತೊಟ್ಟು ರಕ್ತ ಯಾರಿಗೂ ಕೊಟ್ಟಿಲ್ಲ,” ಎಂದರು ಅತ್ತೆ. ಸೊಸೆ, “ಅವರನ್ನ ಕೇಳ್ತೀನಿ,” ಎಂದಳು. ಅವಳು ಕೇಳಬೇಕಾದವನು ಗೋಡೆಗೆ ಮುಖ ಮಾಡಿ ಮಲಗಿದ್ದ.

ಮೊದಲ ಸಲ ಹೋಗಿ ಒಂದು ತಿಂಗಳಾಗುವ ಮೊದಲೇ ದಾರದಕ್ಕ ಮೂರನೇ ಸಲ ಹೋದರು. ಎಲ್ಲ ಮನೆಗೂ ಒಂದೇ ಸಮ ಹೋಗಬೇಕು, ಒಂದೇ ಬಾಗಿಲಿಗೆ ಜೋತುಬೀಳಬಾರದು ಎಂಬುದು ಅವರದೇ ಪಾಠ. ಹೊಸಬರಿಗೆ ಅದನ್ನು ಕಲಿಸಿದವರೂ ಅವರೇ. ಹೊಟ್ಟೆ ಬೆಳೆಯುತ್ತಿತ್ತು, ಪಾಠ ಮರೆತುಹೋಯಿತು.

ಎದುರುಮನೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಹೊಲಿಗೆಯವಳು ಹೊಸ್ತಿಲಿಗೆ ಬಂದಳು.

“ಅಲ್ಲ, ಓಣಿಗೆಲ್ಲ ಬಟ್ಟೆ ಹೊಲಿಯೋಳು ನಾನು. ತಿಂಗಳಿಗೆ ನಂಗೇ ಒಂದು ಪೊಟ್ಟಣ ಸಾಕು. ಮಿಷನ್ನೇ ಇಲ್ಲದ ಮನೆಗೆ ಮೂರು ಸಲ ಹುಕ್ಕು ಯಾಕೆ? ಈ ದಾರದೋಳನ್ನ ನಮ್ಮಕ್ಕ ನೋಡಿದಾಳೆ, ಆ ರೋಗದ ಮಾತ್ರೆ ಕೊಡೋ ಕಿಟಕಿ ಹತ್ರ!”

ಕಿಟಕಿಗಳು ತೆರೆದವು. ಅತ್ತೆ ಪೊಟ್ಟಣವನ್ನು ಚರಂಡಿಗೆ ಎಸೆದು ಸೊಸೆಯ ಕಡೆ ತಿರುಗಿದರು. “ಏನೇ ತಂದಿದೀಯ ನನ್ನ ಮನೆಗೆ?”

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಅವನು ಕಾಲಿನ ಪಟ್ಟಿಯನ್ನು ಸರಿಪಡಿಸಿಕೊಳ್ಳುತ್ತಿದ್ದ.

“ಒಂದು ಮಾತು. ಅವನ ಬಾಯಿಂದ ಒಂದೇ ಒಂದು ಮಾತು ಬಂದಿದ್ರೆ ಸಾಕಿತ್ತು,” ಎನ್ನುತ್ತಾರೆ ದಾರದಕ್ಕ. “ನಂಗೂ ನಾಲಿಗೆ ತುದೀಗೆ ಬಂದಿತ್ತು. ನುಂಗಿಕೊಂಡೆ. ‘ನಾನು ದಾರ ಮಾರೋಳಮ್ಮ, ಅಷ್ಟೇ’ ಅಂದು ಚೀಲ ಎತ್ಕೊಂಡು ಬಂದೆ.”

ಸಂಜೆಯೊಳಗೆ ಹುಡುಗಿಯನ್ನು ತವರಿನ ಬಸ್ಸು ಹತ್ತಿಸಿದರು. ತವರು ಯಾವ ಊರೆಂದು ಆಸ್ಪತ್ರೆಯಲ್ಲಿ ಯಾರಿಗೂ ತಿಳಿಯದು. ಸಮಾಲೋಚಕಿ ಫೋನು ಮಾಡಿದಾಗ ಗಂಡ ಒಮ್ಮೆ ಸಿಕ್ಕ. ಹೆರಿಗೆ ಆಗಲಿ, ಆಮೇಲೆ ನೋಡೋಣ ಎಂದ. ಆಮೇಲೆ ಫೋನು ಬಂದ್. ಕಾಲು ಕೂಡಿದ ಮೇಲೆ ಯಾವುದೋ ಸೇತುವೆ ಕೆಲಸಕ್ಕೆ ಹೋದನಂತೆ. ತನ್ನ ಮಾತ್ರೆಯನ್ನೂ ಅವನು ಒಯ್ದಿಲ್ಲ.

ನಿಯಮ ತಪ್ಪೇ ಎಂದರೆ ದಾರದಕ್ಕ ಸಿಕ್ಕುಬಿದ್ದ ದಾರದ ತುದಿ ಹುಡುಕುತ್ತಾರೆ. “ನಿಯಮ ಸರೀನೇ. ದವಡೆ ಮುರಿದದ್ದು ನಾನೇ ನೋಡಿದೀನಲ್ಲ. ಆದ್ರೆ ಹೊಟ್ಟೆಲಿರೋ ಕೂಸಿಗೆ ನಿಯಮ ಗೊತ್ತಾ? ನನ್ನ ಮನೇಲಿ ಎಲ್ರೂ ಸುಮ್ನಿದ್ರು ಅಂತ ಇಷ್ಟು ವರ್ಷ ಬೈದೆ. ಈಗ ನಾನೂ ಅವರ ಸಾಲಿಗೇ ಸೇರ್ದೆ.”

ಮೂಲೆಮನೆಯ ಓಣಿಗೆ ಅವರು ಈಗ ಹೋಗುವಂತಿಲ್ಲ. ಅಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ನಾಲ್ವರಲ್ಲಿ ಇಬ್ಬರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟಿದ್ದಾರೆ. ದಾರದಕ್ಕ ನಿಂತ ಬಾಗಿಲೆಂದರೆ ರೋಗದ ಬಾಗಿಲು ಎಂದು ಅಲ್ಲಿ ಮಾತಾಗಿದೆ. ಚೀಲ ಬದಲಿಸಿ ಎಂದು ಯಾರೋ ಸಲಹೆ ಕೊಟ್ಟರು. “ಮುಖ ಯಾವ ಅಂಗಡೀಲಿ ಸಿಗುತ್ತೆ, ಅದನ್ನೂ ಹೇಳಿ ಅಂದೆ.”

ನಲ್ಲಿ ಗೊರಗೊರ ಎಂದು ಕೆಮ್ಮಿ ನೀರು ಬಿಡುತ್ತದೆ. ಕೊಡಗಳ ಸದ್ದು, ಜಗಳ, ಸರತಿಯ ಕೂಗು. ದಾರದಕ್ಕ ಚೀಲ ಕಟ್ಟಿ ಏಳುತ್ತಾರೆ. ಲೆಕ್ಕದ ಪ್ರಕಾರ ಮೂಲೆಮನೆಯ ಹುಡುಗಿಗೆ ಇದು ಹೆರಿಗೆಯ ತಿಂಗಳು. ಅವರ ದಾರಿ ಬಸ್‌ನಿಲ್ದಾಣದ ಮೇಲೆ ಹಾದುಹೋಗುತ್ತದೆ. ಅಲ್ಲಿ ಹೊರಊರಿನ ಬಸ್ಸು ನಿಂತಿದೆ, ಜನ ಇಳಿಯುತ್ತಿದ್ದಾರೆ. ಕೊನೆಯವರು ಇಳಿಯುವವರೆಗೂ ದಾರದಕ್ಕ ನಿಲ್ಲುತ್ತಾರೆ.

“ಎಲ್ಲೋ ಒಂದು ಸಣ್ಣ ಆಸ್ಪತ್ರೆ ಇರ್ಲಿ,” ಎನ್ನುತ್ತಾರೆ, ಖಾಲಿಯಾದ ಬಸ್ಸಿನ ಕಡೆ ನೋಡುತ್ತ. “ಅಲ್ಲಿ ಯಾರೋ ಒಬ್ಬ ನರ್ಸು, ‘ಬಸುರಿಯರಿಗೆಲ್ಲ ನೋಡ್ತೀವಮ್ಮ, ಕೈ ಚಾಚು’ ಅಂದಿರ್ಲಿ. ಅಷ್ಟಾಗಿದ್ರೆ ಸಾಕು. ಅದು ನಾನೇ ಆಗ್ಬೇಕು ಅಂತೇನಿಲ್ಲ.”