ಮಸೀದಿಯ ಹೆಸರು ಹೇಳಿದವನು ನಾನು

ಸಲೀಂ, ನಿನ್ನ ಕೆಲಸ ಹೋದದ್ದು ನನ್ನ ಒಂದು ಸುಳ್ಳಿನಿಂದ. ಇಷ್ಟು ವರ್ಷ ಇದನ್ನು ನಿನಗೆ ಹೇಳಲಿಲ್ಲ – ಸಂದರ್ಭ ಬರಲಿಲ್ಲ ಎಂದಲ್ಲ, ಬಂದಾಗ ಜಾರಿಕೊಂಡೆ.

ತೊಂಬತ್ತರ ದಶಕದ ಆರಂಭ. ಕೊಲ್ಲಿ ನಾಡಿನ ರುಸೈಲ್‌ನಲ್ಲಿ, ಪೈಪ್ ಕಾರ್ಖಾನೆಯ ಆಫೀಸಿನಲ್ಲಿ ಉಡುಪಿ ಕಡೆಯ ಟೈಪಿಸ್ಟ್ ನಾನು. ಎದುರು ಮೇಜಿನಲ್ಲಿ ಆ ದೇಶದವನೇ ಆದ, ರುಸ್ತಾಕ್ ಊರಿನ ನೀನು. ಬೇರೊಂದು ಅರಬ್ ದೇಶದಲ್ಲಿ ಧಾರ್ಮಿಕ ಪಕ್ಷವೊಂದು ಗೆಲ್ಲುವ ಹಾಗಾದದ್ದೇ ತಡ, ಸೇನೆ ಚುನಾವಣೆಯನ್ನೇ ರದ್ದು ಮಾಡಿತ್ತು. ಆ ಪಕ್ಷವೆಂದರೆ ನಿನಗೆ ಅಷ್ಟಕ್ಕಷ್ಟೆ. ಆದರೂ ಇದು ಅನ್ಯಾಯವಲ್ಲವೇ ಎಂದು ನಿನ್ನ ಹರಕು ಹಿಂದಿಯಲ್ಲಿ ನೀನು ಕೇಳಿದ್ದೆ. ಓಟು ಹಾಕುವ ದೇಶದವನೆಂಬ ಜಂಬ ನನಗೆ.

"ಗೆದ್ದವರು ಆಳಲಿ. ಸರಿಯಿಲ್ಲದಿದ್ದರೆ ಐದು ವರ್ಷಕ್ಕೆ ಜನರೇ ಮನೆಗೆ ಕಳಿಸುತ್ತಾರೆ," ಎಂದಿದ್ದೆ.

ಆ ಚುನಾವಣೆಯ ಬಗ್ಗೆ ಗೆಳೆಯರಿಗೆ ಕೊಡಲು ನೀನು ಅರಬಿಯಲ್ಲಿ ಬರೆದ ಒಂದು ಪುಟಕ್ಕೆ ಈ ಮಾತೇ ಕೊನೆಯ ಸಾಲಾಯಿತು. ನೀನು ಓದಿ ಅರ್ಥ ಹೇಳಿದಾಗ ನಾನು ಉಬ್ಬಿಹೋದೆ. ಹತ್ತು ಪ್ರತಿ ಜೆರಾಕ್ಸ್ ಮಾಡಿಕೊಟ್ಟವನೂ ನಾನೇ.

ಆ ಕಾಗದ ಯಾರದೋ ಕೈಗೆ ಸಿಕ್ಕಿತು. ವಿಚಾರಣೆಗೆ ಬಂದವರು ನನ್ನನ್ನು ಕೂರಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಅವನಿಗೆ ಯಾರು ಹೇಳಿಕೊಟ್ಟದ್ದು ಎಂದು ಕೇಳಿದರು. ನನ್ನ ವೀಸಾ ನವೀಕರಣಕ್ಕೆ ಕಫೀಲನ, ಅಂದರೆ ನನಗೆ ಜಾಮೀನು ನಿಂತ ಅಲ್ಲಿನ ಧಣಿಯ, ಸಹಿ ಬಾಕಿಯಿತ್ತು. "ಅವರ ಉಸಾಬರಿ ನಮಗೆ ಬೇಡ ಮಾರಾಯ್ರೆ, ಮಕ್ಕಳ ಶಾಲೆ ಉಂಟು," ಎಂದು ಹೆಂಡತಿ ಬೆಳಗ್ಗೆಯಷ್ಟೇ ಹೇಳಿದ್ದಳು. ಅವಳ ಮೇಲೆ ಹಾಕುತ್ತಿಲ್ಲ – ಬಾಯಿ ನನ್ನದು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು.

"ಮಸೀದಿಯಲ್ಲಿ ಯಾರೋ ಹೇಳಿರಬೇಕು," ಎಂದೆ.

ಅಷ್ಟೇ. ಪಕ್ಷಗಳೇ ಇಲ್ಲದ ದೇಶದಲ್ಲಿ ನೀನು ಗುಟ್ಟಾಗಿ ಧಾರ್ಮಿಕ ಪಕ್ಷ ಕಟ್ಟುವವನಾಗಿಬಿಟ್ಟೆ. ನಿನ್ನನ್ನು ಹಿಡಿದೊಯ್ದರು; ಕೆಲವು ತಿಂಗಳು ನೀನು ಎಲ್ಲಿದ್ದೀಯೆಂದು ಮನೆಯವರಿಗೂ ತಿಳಿಯಲಿಲ್ಲ. ಕೆಲಸ ಖಲಾಸ್. ನನ್ನ ವೀಸಾ ಮಾತ್ರ ಬಂತು.

ನಾಲ್ಕೈದು ವರ್ಷದ ಮೇಲೆ ಸೀಬ್‌ನ ಸಂತೆಪೇಟೆಯಲ್ಲಿ ನೀನು ಸಿಕ್ಕಿದೆ. ನೀನು ಆಗ ಟ್ಯಾಕ್ಸಿ ಓಡಿಸುತ್ತಿದ್ದೆ. ನೀನೇ ಚಹಾ ಕೊಡಿಸಿದೆ.

"ನನ್ನ ತಮ್ಮ ಕೂಡ ನಾನು ಆ ಗುಂಪಿನವನೆಂದೇ ತಿಳಿದಿದ್ದಾನೆ," ಎಂದು ನಕ್ಕೆ ನೀನು. ಆಮೇಲೆ – "ಆ ಸಾಲು ಯಾರದೆಂದು ದಿನಾ ಕೇಳುತ್ತಿದ್ದರು. ನಿನ್ನ ಹೆಸರು ಹೇಳಲಿಲ್ಲ. ನಿನಗೆ ಸಣ್ಣ ಮಕ್ಕಳಿದ್ದರಲ್ಲ."

ಆಗಲೇ ಹೇಳಬೇಕಿತ್ತು. ನಾನು – ಚಹಾ ಮುಗಿಸಿ ಎದ್ದುಬಂದೆ. ಅದಕ್ಕೆ ಹೆದರಿಕೆಯ ನೆಪವೂ ಇಲ್ಲ.

ಕ್ಷಮೆ ಕೇಳುವ ಮುಖ ನನಗಿಲ್ಲ ಸಲೀಂ. ಇದನ್ನು ಅರಬಿಯಲ್ಲಿ ಬರೆಸಿ ಕಳಿಸುತ್ತೇನೆ, ಮೊದಲು ನಿನ್ನ ತಮ್ಮನಿಗೆ. ಕೆಳಗೆ ನನ್ನ ಪೂರ್ತಿ ಹೆಸರಿರುತ್ತದೆ.