ಇಳಿಜಾರಿನಂತೆ ಕಂಡ ಏರು

ಆಗಿನ್ನೂ ನಮ್ಮ ದೇವಾಪುರದಲ್ಲಿ ಹೆಂಗಸರು ಸೈಕಲ್ ಹಿಡಿದರೆ ಅದು ನೀರಿನ ಕೊಡ ಕಟ್ಟಿ ತಳ್ಳಿಕೊಂಡು ಹೋಗುವುದಕ್ಕೆ ಮಾತ್ರ. ಹತ್ತಿ ಕೂತವರಲ್ಲಿ ನಮ್ಮವ್ವನೇ ಮೊದಲಿಗಳು. ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವನ ದೊಡ್ಡ ಸೈಕಲ್ಲು ಪಡಸಾಲೆಯ ಗೋಡೆಗೆ ಒರಗಿ ನಿಂತಿತ್ತು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅವ್ವನಿಗೆ ತಿಂಥಣಿ ಕಡೆಯ ಒಂದು ಪುಟ್ಟ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಸಿಕ್ಕಿತು. ಜೊತೆಗಿರಲಿ ಎಂದು ನನ್ನ ಹೆಸರನ್ನೂ ಅಲ್ಲಿಯೇ ಹಚ್ಚಿದಳು. ಬೆಳಗಿನ ಹೊತ್ತು ಆ ಕಡೆ ಬಸ್ಸಿರಲಿಲ್ಲ. ಕೆಲಸ ಉಳಿದರೆ ನಾವು ನಮ್ಮ ಮನೆಯಲ್ಲೇ ಇರಬಹುದಿತ್ತು. ಇಲ್ಲವಾದರೆ ಶಹಾಪುರದ ಸೋದರಮಾವನ ಮನೆ ಸೇರಬೇಕು. ಮಾವ ಕೆಟ್ಟವನಲ್ಲ. ಆದರೆ ಅವನ ಮನೆಯಲ್ಲಿ ನಾನು ಎರಡನೆಯ ರೊಟ್ಟಿಗೆ ಕೈ ಚಾಚಿದಾಗ ಅವ್ವ ಅತ್ತೆಯ ಮುಖ ನೋಡುತ್ತಿದ್ದಳು. ಆ ವಯಸ್ಸಿಗೇ ಅದು ನನಗೆ ತಿಳಿಯುತ್ತಿತ್ತು.

ಅವ್ವ ಕಣದಲ್ಲಿ ಸೈಕಲ್ ಕಲಿತಳು. ಹೊಲದ ಕೆಲಸಕ್ಕೆ ಹೋಗುವಾಗಿನಂತೆ ಸೀರೆಗೆ ಕಚ್ಚೆ ಹಾಕಿ ಹತ್ತುವಳು, ಬೀಳುವಳು, ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು ಮತ್ತೆ ಹತ್ತುವಳು. ಓಣಿಯ ಹೆಂಗಸರು, “ಏ, ಬಸ್ ಬಂತು, ಕೈ ಮಾಡ್ರೆವ್ವ!” ಎಂದು ನಗುತ್ತಿದ್ದರು. “ಪಾಸ್ ಇದ್ದವ್ರು ಅಷ್ಟ ಹತ್ರಿ,” ಎಂದು ಅವ್ವನೂ ನಗುತ್ತಿದ್ದಳು.

ದಾರಿಯಲ್ಲಿ ಒಂದು ಜಾಗವಿತ್ತು. ಬಲಕ್ಕೆ ಬಂಡೆಗಳ ಗುಡ್ಡ, ಎಡಕ್ಕೆ ಎರೆಹೊಲ, ನಡುವೆ ರಸ್ತೆ ಸಣ್ಣಗೆ ತಗ್ಗಿಗೆ ಇಳಿದಂತೆ ಕಾಣುತ್ತಿತ್ತು. ಅಲ್ಲಿಗೆ ಬಂದರೆ ಸಾಕು, ಸೈಕಲ್ ಕಲ್ಲು ಕಟ್ಟಿದ ಹಾಗೆ ಭಾರವಾಗುತ್ತಿತ್ತು. ಅವ್ವ ಏದುಸಿರು ಬಿಡುತ್ತ ಇಳಿಯುವಳು, ನಾನೂ ಇಳಿಯುವೆ, ತಳ್ಳಿಕೊಂಡು ನಡೆಯುವೆವು. ದಿನಾ ತಡ. ಸಂಜೆ ಅದೇ ಜಾಗದಲ್ಲಿ ಸೈಕಲ್ ತಾನಾಗಿಯೇ ಓಡುತ್ತಿತ್ತು. ಮನೆ ಕಡೆ ಹೊರಟ ಹುರುಪು, ಬೆನ್ನಿಗೆ ಗಾಳಿ ಬೇರೆ ಇದೆ ಎಂದುಕೊಂಡೆವು. ಆ ದಾರಿಯಲ್ಲಿ ಬಂಡಿ ಎಳೆಯುವ ಎತ್ತುಗಳಿಗೆ ನಿಜ ಗೊತ್ತಿದ್ದಿರಬೇಕು, ಆದರೆ ಅವನ್ನು ಯಾರು ಕೇಳಿದ್ದರು?

ಬ್ರೇಕ್ ಹಿಡಿಯುತ್ತಿದೆಯೇನೋ ಎಂದು ಅವ್ವ ಸೈಕಲ್ಲನ್ನು ಸುರಪುರದ ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ಚಕ್ರ ತಿರುಗಿಸಿ ನೋಡಿ, “ಗಾಡಿ ಛಲೋ ಐತ್ರಿ ಅಕ್ಕ, ಏನೂ ಆಗಿಲ್ಲ,” ಎಂದ. ಗಾಡಿ ಚೆನ್ನಾಗಿದೆ ಎಂದ ಮೇಲೆ ಕೆಟ್ಟಿದ್ದು ತಾನೇ ಎಂದು ಅವ್ವನಿಗೆ ಅನಿಸಿತು. ಅವತ್ತು ಆಕೆ ಸರಿಯಾಗಿ ಉಣ್ಣಲಿಲ್ಲ.

ಹೆಡ್ ಮಾಸ್ತರರು ಒಂದು ದಿನ ಹೇಳಿಯೇಬಿಟ್ಟರು: “ಮಕ್ಕಳು ಹಸಕೊಂಡು ಕೂಡ್ತಾವವ್ವ. ನಿನಗ ಆಗಲ್ಲಂದ್ರ ಬ್ಯಾರೆಯವ್ರನ್ನ ನೋಡಬೇಕಾಗ್ತದ.” ಸುದ್ದಿ ತಿಳಿದು ಮಾವ ಬಂದ. “ತಂಗಿ, ನಿನ್ನ ಮೈಯಾಗ ಮೊದಲಿನ ಕಸುವಿಲ್ಲ. ಬರೋ ಆಯಿತವಾರ ಬರ್ತೀನಿ, ಸಾಮಾನ ಕಟ್ಟಿಡು,” ಎಂದ. ಅವ್ವ ತಲೆ ಬಗ್ಗಿಸಿ ಹೂಂ ಎಂದಳು. ನನಗೆ ಅಳು ಬಂತು.

ಆ ವಾರವೇ ಮುಂಗಾರಿನ ಮಿರಗದ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮಳೆ ಹೊಡೆದು ನಿಂತ ಕೂಡಲೇ ಹೊರಟೆವು. ಒದ್ದೆ ಮಣ್ಣಿನ ವಾಸನೆ, ಬುತ್ತಿಯ ಪುಂಡಿಪಲ್ಯದ ವಾಸನೆ. ಆ ಜಾಗಕ್ಕೆ ಬಂದದ್ದೇ ಅವ್ವ ಇಳಿದಳು. ಹ್ಯಾಂಡಲ್ ಮೇಲೆ ಹಣೆಯಿಟ್ಟು ಅತ್ತಳು. ಅಪ್ಪನನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವಳ ಮುಖ ನೋಡಲಾಗದೆ ನೆಲ ನೋಡುತ್ತ ನಿಂತೆ. ರಸ್ತೆಯ ಬದಿಗೆ ಕೆಂಪು ನೀರು ಹರಿಯುತ್ತಿತ್ತು. ಅದರಲ್ಲಿ ಶೇಂಗಾ ಸಿಪ್ಪೆಗಳು ತೇಲಿಬಂದು ನನ್ನ ಕಾಲಿಗೆ ತಗುಲಿದವು.

“ಯವ್ವಾ, ನೀರು ನಮ್ಮ ಎದುರಿಗಿ ಬರಾಕತ್ತಾವ ನೋಡು.”

“ಬರ್ತಾವ ತಗೋ, ಸುಮ್ನಿರು.”

“ಮುಂದ ತಗ್ಗು ಐತಿ ಅಂದ್ರ ನೀರು ಮುಂದ ಹೋಗಬೇಕಲ್ಲ?”

ಅವ್ವ ತಲೆ ಎತ್ತಿದಳು. ಕುಕ್ಕರಗಾಲಲ್ಲಿ ಕೂತು ನೀರಿಗೆ ಒಂದು ಹುಲ್ಲುಕಡ್ಡಿ ಬಿಟ್ಟಳು. ಅದು ನಾವು ಬಂದ ದಾರಿಯತ್ತ ಓಡಿತು. ಇನ್ನೊಂದು ಬಿಟ್ಟಳು, ಅದೂ ಓಡಿತು.

“ಇದು ಏರವ್ವ,” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಹಂಗಾರ ನನ್ನ ಮೈಯಾಗ ಏನೂ ಕಮ್ಮಿ ಆಗಿಲ್ಲ,” ಎಂದಳು.

ಏರು ಅದೇ, ಕಾಲೂ ಅವೇ. ಆದರೆ ಮರುದಿನದಿಂದ ಅವ್ವ ಅಲ್ಲಿ ಇಳಿಯಲಿಲ್ಲ. ಮೊದಲೆಲ್ಲ ಇಳಿಜಾರೆಂದು ಅವಸರದಿಂದ ತುಳಿದು ಅರ್ಧಕ್ಕೇ ಸುಸ್ತಾಗುತ್ತಿದ್ದಳು. ಈಗ ಮೊದಲೇ ನಿಧಾನ ಮಾಡಿ, ದೂರ ನೋಡದೆ, ಮುಂದಿನ ಗಾಲಿ ನೋಡುತ್ತ ತುಳಿಯುವಳು. “ಮಗ್ಗಿ ಹೇಳು, ನನಗ ಧೈರ್ಯ ಬರ್ತದ,” ಎನ್ನುವಳು. ನಾನು ಹಿಂದೆ ಕೂತು ಕೂಗಿ ಹೇಳುತ್ತಿದ್ದೆ. ಹೊತ್ತಿಗೆ ಸರಿಯಾಗಿ ಶಾಲೆಯ ಒಲೆ ಹೊತ್ತಿತು.

ಆಯಿತವಾರ ಮಾವ ಬಂದ. ಅವ್ವ ಬಿಸಿ ರೊಟ್ಟಿ ಬಡಿದು ಹಾಕಿ, “ಉಂಡು ಹೋಗಣ್ಣ. ಸಾಮಾನ ಕಟ್ಟಿಲ್ಲ,” ಎಂದಳು. ಮಾವ ಅವಳನ್ನೊಮ್ಮೆ ನೋಡಿ, ಉಂಡು, ಊರಿಗೆ ಹೊರಟ.

ಅವ್ವ ಆ ಶಾಲೆಯಲ್ಲೇ ಬಹಳ ವರ್ಷ ಅಡುಗೆ ಮಾಡಿದಳು. ನಮ್ಮ ಮನೆ ನಮಗೆ ಉಳಿಯಿತು. ಹೋದ ವರ್ಷ ಅವ್ವ ತೀರಿಕೊಂಡಳು. ನಾನೀಗ ಅದೇ ದಾರಿಯಲ್ಲಿ ಸ್ಕೂಟಿಯ ಮೇಲೆ ಕೆಲಸಕ್ಕೆ ಹೋಗುತ್ತೇನೆ. ರಸ್ತೆ ಅಗಲವಾಗಿದೆ, ಏರು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಗುಡ್ಡದ ತಿರುವಿನವರೆಗೆ ದಾರಿ ಪೂರ್ತಿ ಕಾಣುತ್ತದೆ. ಆಗ ಹಿಂದೆ ಕೂತ ನನಗೆ ದಾರಿಯೇ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಬೆವರಿನಿಂದ ತೊಯ್ದ ಅವ್ವನ ಬೆನ್ನೊಂದೇ. ಇನ್ನೂ ಎಷ್ಟು ದೂರ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.